ಮುಳ್ಳು ಹಚ್ಚಿದ ಸೇತುವೆ

ಮಳಗಿಕೊಪ್ಪದ ನೀಲಗಂಗವ್ವನ ಬಗ್ಗೆ ಶಿರಸಿಯ ರಸ್ತೆ ಕಚೇರಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಿದ್ದರು: ಆಕೆಗೆ ಬಾಯಿ ಬಹಳ. ಸುಳ್ಳೇನಲ್ಲ, ಬಹಳವೇ ಇತ್ತು. ಹತ್ತು ವರ್ಷ ಒಂದು ಹಳ್ಳದ ದಂಡೆಯಲ್ಲಿ ನಿಂತು, ಜೀಪಿನಲ್ಲಿ ಬಂದು ಎಳನೀರು ಕುಡಿದು ಜೀಪಿನಲ್ಲೇ ಹೋಗುವ ದೊಡ್ಡವರನ್ನು ನೋಡಿಯೂ ಬಾಯಿ ಮುಚ್ಚಿಕೊಂಡಿದ್ದ ಊರಿನ ಗಂಡಸರ ಬಗ್ಗೆ ಅದೇ ಕಚೇರಿಯವರಿಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಮಳಗಿಕೊಪ್ಪ ಶಿರಸಿ ತಾಲೂಕಿನ ಮೂಡಣ ಅಂಚಿನ ಊರು. ಅಲ್ಲಿಗೆ ಕಾಡು ಮುಗಿದು ಬಯಲು ಶುರುವಾಗುತ್ತದೆ, ಜನರ ಮಾತು ಹಾವೇರಿ ಕಡೆಗೆ ವಾಲುತ್ತದೆ. ಊರು ದಾಟಿದರೆ ದೊಡ್ಡಹಳ್ಳ. ಶಿರಸಿಯಿಂದ ಹಾನಗಲ್ಲಿಗೆ ಹೋಗುವ ಗಾಡಿದಾರಿ ಈ ದಂಡೆಯಲ್ಲಿ ನೀರಿಗಿಳಿದು ಆ ದಂಡೆಯಲ್ಲಿ ಏಳುತ್ತಿತ್ತು. ಬೇಸಿಗೆಯಲ್ಲಿ ಎತ್ತಿನ ಗೊರಸೂ ನೆನೆಯದು. ಆಷಾಢ ಬಂತೆಂದರೆ ದಸರೆಯವರೆಗೆ ಆಚೆಯವರು ಆಚೆಗೆ, ಈಚೆಯವರು ಈಚೆಗೆ. ಸುತ್ತುಹಾಕಿ ಹೋಗೋಣವೆಂದರೆ ಎರಡು ದಿನದ ದಾರಿ, ಆ ದಾರಿಯಲ್ಲೂ ಇನ್ನೊಂದು ಹಳ್ಳ.

ನೀಲಗಂಗವ್ವನ ಗಂಡ ಅಂದಾನಪ್ಪ ವಿಷಮಜ್ವರದಲ್ಲಿ ಹೋದಾಗ ಮಗಳು ಪಾರ್ವತವ್ವ ಇನ್ನೂ ತೊಟ್ಟಿಲಲ್ಲಿದ್ದಳು. ಮಾತಾಡಿಸಲು ಬಂದ ಭಾವಂದಿರು, “ಕಬ್ಬಿನ ಗದ್ದಿ ನಾವು ನೋಡ್ಕೊಂತೀವಿ, ನೀ ಮಗಳನ್ನ ನೋಡ್ಕೊ” ಎಂದರು. ಅವರು ನೋಡಿಕೊಂಡ ಹೊಲಗಳು ಕೊನೆಗೆ ಯಾರ ಹೆಸರಿಗೆ ಹೋಗಿ ನಿಂತವು ಎಂಬುದು ಆಕೆಗೆ ಗೊತ್ತಿತ್ತು.

“ನಿಮ್ಮ ಕಣ್ಣಿಗೆ ಯಾಕ ಅಷ್ಟ ತ್ರಾಸ ಕೊಡ್ತೀರಿ ಭಾವಾರ” ಎಂದು ಹೇಳಿ, ಮರುದಿನ ತಾನೇ ಎತ್ತು ಹೂಡಿದಳು. ಕಬ್ಬು ಬೆಳೆದಳು, ಆಲೆಮನೆ ನಡೆಸಿದಳು, ಬೆಲ್ಲವನ್ನು ಗಾಡಿಗೆ ತುಂಬಿ ಹಳ್ಳ ದಾಟಿ ಹಾನಗಲ್ಲಿನ ಸಂತೆಗೆ ಹೊಡೆದಳು. ಗಾಡಿಯ ಮೂಕಿಯ ಮೇಲೆ ಕೂತ ವಿಧವೆಯನ್ನು ನೋಡಿ ಊರವರು ಮೊದಮೊದಲು ಮುಖ ತಿರುಗಿಸಿದರು. ಆಮೇಲೆ ತಮ್ಮ ತಮ್ಮ ಬೆಲ್ಲವನ್ನೂ ಅದೇ ಗಾಡಿಗೆ ಹಾಕತೊಡಗಿದರು. ಮರ್ಯಾದೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಹಳ್ಳಕ್ಕೆ ಸೇತುವೆ ಕಟ್ಟುವ ಮಾತು ಹೊಸದಲ್ಲ. ಮುಂಬಯಿ ಸರ್ಕಾರವಿದ್ದಾಗಲೇ ಒಬ್ಬ ಸಾಹೇಬ ಬಂದು, ಮರಾಠಿಯಲ್ಲಿ ಮಾತಾಡಿ, ಎರಡೂ ದಂಡೆಗೆ ಸುಣ್ಣ ಬಳಿದ ಕಲ್ಲು ನೆಡಿಸಿ ಹೋಗಿದ್ದ. ಐವತ್ತಾರರ ನವೆಂಬರಿನಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಪಟೇಲ ವೀರಪ್ಪ ಚಾವಡಿಗೆ ತೋರಣ ಕಟ್ಟಿಸಿ, “ಇನ್ನ ಮ್ಯಾಲ ಆಳಾವ್ರು ನಮ್ಮ ಮಂದಿ. ನಮ್ಮ ಮಾತು ಅವರಿಗೆ ತಿಳಿತೈತಿ” ಎಂದು ಸಾರಿದ. ಮುಂದಿನ ಬೇಸಿಗೆಗೆ ಹೊಸ ಮೋಜಣಿದಾರರು ಬಂದರು. ಹಳೆಯ ಕಲ್ಲುಗಳನ್ನು ಕೀಳಿಸಿ, ಪಕ್ಕದಲ್ಲೇ ಒಂದು ಎತ್ತು ಮಲಗುವಷ್ಟು ಜಾಗ ಬಿಟ್ಟು, ತಮ್ಮ ಕಲ್ಲು ನೆಟ್ಟರು. ಯಾಕೆಂದು ಕೇಳಿದರೆ ಮುಂಬಯಿಯಿಂದ ಹಳೆಯ ಫೈಲು ಬಂದಿಲ್ಲ ಎಂದರು. ಕಿತ್ತ ಕಲ್ಲುಗಳನ್ನು ನೀಲಗಂಗವ್ವ ಮನೆಗೆ ಒಯ್ದು ದನದ ಕೊಟ್ಟಿಗೆಗೆ ಹಾಸಿಸಿದಳು. ಮುಂಬಯಿ ಸರ್ಕಾರದ ಸೇತುವೆ ಯೋಜನೆಯಿಂದ ಮಳಗಿಕೊಪ್ಪಕ್ಕೆ ಆದ ಉಪಯೋಗ ಅದೊಂದೇ.

ಆ ಹೊತ್ತಿಗೆ ಪಾರ್ವತವ್ವನನ್ನು ಹಳ್ಳದಾಚೆಯ ಕುರುವಳ್ಳಿಗೆ ಮದುವೆ ಮಾಡಿ ಕೊಟ್ಟಾಗಿತ್ತು. ದೂರದ ಊರಲ್ಲ, ಈ ದಂಡೆಯಿಂದ ಆ ಮನೆಯ ಒಲೆಯ ಹೊಗೆ ಕಾಣುತ್ತದೆ. ಐವತ್ತೇಳರಲ್ಲಿ ಆಕೆ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಕಾರಹುಣ್ಣಿಮೆ ಕಳೆದ ಮೇಲೆ ಕರೆತರುವುದೆಂದು ಮಾತಾಗಿತ್ತು. ಮಳೆ ಮುಂಚೆಯೇ ಹಿಡಿಯಿತು, ಹಳ್ಳ ತುಂಬಿತು, ಮಗಳು ಆಚೆಗೆ ಉಳಿದಳು. ನೀಲಗಂಗವ್ವ ಬಾಣಂತಿಗೆಂದು ಅಂಟಿನುಂಡೆ ಕಟ್ಟಿಟ್ಟು, ತೊಟ್ಟಿಲು ತೊಳೆದಿಟ್ಟು, ಬೆಳಗಾದರೆ ಮಳೆಗೆ ಕಂಬಳಿಯ ಗೊಪ್ಪೆ ಹಾಕಿಕೊಂಡು ದಂಡೆಗೆ ಹೋಗಿ ನಿಲ್ಲುತ್ತಿದ್ದಳು.

ಒಂದು ಮಧ್ಯಾಹ್ನ ಆಚೆ ದಂಡೆಗೆ ಅಳಿಯನೂ ಬೀಗಿತಿ ಮುರಿಗೆವ್ವನೂ ಬಂದರು. ಮುರಿಗೆವ್ವ ಕಂಬಳಿಯೊಳಗಿಂದ ಬಟ್ಟೆಯ ಗಂಟೊಂದನ್ನು ಎತ್ತಿ ತೋರಿಸಿದಳು.

“ಗಂಡೋ ಹೆಣ್ಣೋ?” ನೀಲಗಂಗವ್ವ ಕೂಗಿದಳು.

ಅಳಿಯ ಬಾಯಿಯ ಸುತ್ತ ಅಂಗೈ ಹಿಡಿದು ಏನೋ ಕೂಗಿದ. ನೀರಿನ ಸದ್ದಿನಲ್ಲಿ ಆಕೆಗೆ ಕೇಳಿಸಿದ್ದು ಗಂಡು ಎಂದು. ಊರಿಗೆಲ್ಲ ಸಕ್ಕರೆ ಹಂಚಿದಳು. ದಸರೆ ಹೊತ್ತಿಗೆ ನೀರಿಳಿದ ಮೇಲೆ ದಾಟಿ ಹೋಗಿ ನೋಡಿದರೆ ತೊಟ್ಟಿಲಲ್ಲಿ ಹೆಣ್ಣು. ಆಗಲೇ ನಗುವ ವಯಸ್ಸಾಗಿತ್ತು, ಹೆಸರೂ ಇಟ್ಟಾಗಿತ್ತು. ಊರಿನಲ್ಲಿ ನಕ್ಕವರಿಗೆ, “ಸಕ್ರಿ ತಿಂದ ಬಾಯಿಲೆ ನಗಬ್ಯಾಡ್ರಿ, ಮೊದಲ ತೊಳಕೊಂಡ ಬರ್ರಿ” ಎಂದಳು. ಆದರೆ ಮೊಮ್ಮಗಳನ್ನು ಎತ್ತಿಕೊಂಡಾಗ ಕೂಸು ಹೊಸ ಮುಖ ಕಂಡು ಹೆದರಿ ಚೀರಿತೆಂಬುದನ್ನು ಆಕೆ ಯಾರಿಗೂ ಹೇಳಲಿಲ್ಲ. ಅದನ್ನು ಎಷ್ಟೋ ದಿನಗಳ ಮೇಲೆ ಮುರಿಗೆವ್ವ ಹೇಳಿದಳು.

ಐವತ್ತೆಂಟರ ಚಳಿಗಾಲದಲ್ಲಿ ಇಂಜಿನಿಯರ್ ಅನಂತಮೂರ್ತಿಯವರು ಬಂದರು. ಮೈಸೂರು ಕಡೆಯವರು. ಬಿಳಿ ಪ್ಯಾಂಟಿಗೆ ಧೂಳು ತಾಗಿದರೆ ಮಾತು ಅಲ್ಲೇ ನಿಲ್ಲಿಸಿ ಒರೆಸಿಕೊಳ್ಳುವ ಮನುಷ್ಯ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ರಸ್ತೆ ಸೇತುವೆಗಳನ್ನು ಉದ್ಧಾರ ಮಾಡುವ ಯೋಜನೆ ಅವರ ಕೈಗೆ ಬಂದಿತ್ತು. ಬೆಂಗಳೂರಿನ ಕಚೇರಿಯ ನಕ್ಷೆಯಲ್ಲಿ ಈ ಸೀಮೆ ಎಡ ಅಂಚಿನ ನಡುವೆ, ಹಾಳೆ ಮಡಿಚುವ ಜಾಗದಲ್ಲಿ ಬರುತ್ತದೆ, ಅಲ್ಲಿ ಕಾಗದ ಸವೆದು ಊರಿನ ಹೆಸರುಗಳೇ ಕಾಣುವುದಿಲ್ಲ ಎಂದು ಅವರೇ ನಗುತ್ತ ಹೇಳಿದರು. ಜನರೂ ನಕ್ಕರು. ತಮ್ಮ ಊರು ಅಳಿಸಿಹೋದದ್ದಕ್ಕೆ ಚಾವಡಿ ಮುಂದೆ ಕೂತು ನಗುವ ಜನವನ್ನು ಇನ್ನೆಲ್ಲಿ ಹುಡುಕಬೇಕು? ವೀರಪ್ಪ ಎಳನೀರು ಕೆತ್ತಿಸಿ ಕೊಟ್ಟ. ಅನಂತಮೂರ್ತಿಯವರು ಪಂಚವಾರ್ಷಿಕ ಯೋಜನೆ, ಕರಾವಳಿ, ಬಯಲುಸೀಮೆ, ಪ್ರಗತಿ ಎಂದೆಲ್ಲ ಮಾತಾಡಿದರು.

ಹೆಂಗಸರ ಸಾಲಿನಿಂದ ನೀಲಗಂಗವ್ವ ಎದ್ದು ನಿಂತಳು. “ಸಾಹೇಬ್ರ, ಹಳ್ಳ ನೋಡಿದ್ರೇನು?”

“ನೋಡಿದೆನಲ್ಲಮ್ಮ. ಜೀಪಿನಲ್ಲೇ ದಾಟಿ ವಾಪಸ್ಸು ಬಂದೆವು. ಅಂಥಾ ನೀರೇನೂ ಇಲ್ಲ.”

“ಈಗ ಇಲ್ಲ. ಶ್ರಾವಣದಾಗ ಬಂದ ನೋಡ್ರಿ.”

“ಮಳೆಗಾಲದಲ್ಲಿ ಈ ರಸ್ತೇಲಿ ಜೀಪು ಬರೋದಿಲ್ಲಮ್ಮ.”

“ನಾವೂ ಅದನ್ನ ಹೇಳಾಕತ್ತೀವ್ರಿ.”

ವೀರಪ್ಪ ಆಕೆಯತ್ತ ಕಣ್ಣು ಕೆಕ್ಕರಿಸಿದ. ಅನಂತಮೂರ್ತಿಯವರು ತಾಳ್ಮೆಯಿಂದ, ಸಣ್ಣ ಮಕ್ಕಳಿಗೆ ಹೇಳುವಂತೆ, ಸರ್ಕಾರ ಬಾಯಿಮಾತಿನ ಮೇಲೆ ಸೇತುವೆ ಕಟ್ಟುವುದಿಲ್ಲ ಎಂದು ವಿವರಿಸಿದರು. ಮಳೆಗಾಲದಲ್ಲಿ ತೊಂದರೆಯಿದ್ದರೆ ಮಳೆಗಾಲದಲ್ಲೇ ಗಣತಿ ಮಾಡಿಸುತ್ತೇವೆ. ಎಷ್ಟು ಗಾಡಿ ಹಳ್ಳ ದಾಟುತ್ತವೆ ಎಂದು ಎಣಿಸಿ, ಆ ಲೆಕ್ಕದ ಮೇಲೆ ತೀರ್ಮಾನ. ಊರವರು ಚಪ್ಪಾಳೆ ತಟ್ಟಿದರು.

ಜುಲೈಯಲ್ಲಿ ಗುಮಾಸ್ತ ಗೋವಿಂದ ಬಂದ. ಮಂಚಿಕೇರಿಯವನು, ಸಣಕಲು ಆಳು. ಶಿರಸಿ ಕಡೆಯಿಂದ ಕೆಸರಿನಲ್ಲಿ ನಡೆದೇ ಬಂದಿದ್ದ. ದಂಡೆಯ ಮೇಲೆ ಚಾಪೆಯ ಗುಡಿಸಲು ಹಾಕಿಕೊಂಡು ವಾರಪೂರ್ತಿ ಕೂತ. ಹಳ್ಳ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಮರದ ಬೊಡ್ಡೆಗಳು ತೇಲಿಹೋದವು, ಒಂದು ಸತ್ತ ಎಮ್ಮೆ ತೇಲಿಹೋಯಿತು. ಗಾಡಿ ಮಾತ್ರ ಒಂದೂ ದಾಟಲಿಲ್ಲ. ನೀಲಗಂಗವ್ವ ಅವನಿಗೆ ರೊಟ್ಟಿ ಪಲ್ಯ ತಂದುಕೊಟ್ಟು ಕೇಳಿದಳು:

“ಏನ್ ಬರದಿ ತಮ್ಮಾ?”

“ಸೊನ್ನೆ.”

“ಮತ್ತ ಅಲ್ಲಿ ನಿಂತ ಗಾಡಿ? ಮೂರು ದಿನದಿಂದ ನಿಂತಾವ. ಆ ದಂಡ್ಯಾಗೂ ನಿಂತಾವ.”

“ಎಂತ ಮಾಡೂದು ಅಮ್ಮಾ, ನಂಗೆ ಬರಿ ಅಂದಿದ್ದು ದಾಟಿದ ಗಾಡಿ. ದಾಟೂಕಾಗ್ದೆ ನಿಂತದ್ದಕ್ಕೆ ಇದ್ರಲ್ಲಿ ಜಾಗ ಇಲ್ಲ.”

“ನಿನಗ ಕಣ್ಣು ಅದಾವಿಲ್ಲೋ?”

“ಕಣ್ಣಿದ್ದು ಎಂತ ಪ್ರಯೋಜನ? ನಂಗೆ ಸಂಬಳ ಕೊಡೂದು ಕಣ್ಣಿಗಲ್ಲ” ಎಂದ ಗೋವಿಂದ, ರೊಟ್ಟಿ ಮುರಿಯುತ್ತ.

ಮಳೆಗಾಲ ಮುಗಿದ ಮೇಲೆ ಚಾವಡಿಗೆ ಉತ್ತರ ಬಂತು. ಸದರಿ ಸ್ಥಳದಲ್ಲಿ ಮಳೆಗಾಲದ ಸಂಚಾರ ಇರುವುದಿಲ್ಲವಾದ್ದರಿಂದ ಸೇತುವೆಯ ಅಗತ್ಯ ಕಂಡುಬರುವುದಿಲ್ಲ. ವೀರಪ್ಪ ಅದನ್ನು ಎರಡು ಸಲ ಓದಿ, ದೊಡ್ಡವರು ಬರೆದದ್ದರಲ್ಲಿ ಏನೋ ಅರ್ಥವಿರಬೇಕು ಎಂದ. ಊರವರು ಅದನ್ನೂ ಒಪ್ಪಿಕೊಂಡರು.

ನೀಲಗಂಗವ್ವ ಒಪ್ಪಲಿಲ್ಲ. ಗಾಡಿ ಹೂಡಿಕೊಂಡು ಶಿರಸಿಗೆ ಹೋದಳು. ಕಚೇರಿಯ ಜಗಲಿಯಲ್ಲಿ ಬೆಳಿಗ್ಗೆಯಿಂದ ಕೂರಿಸಿ, ಸಂಜೆ ಬಾಗಿಲು ಹಾಕುವ ಹೊತ್ತಿಗೆ ಒಳಗೆ ಬಿಟ್ಟರು. ಅನಂತಮೂರ್ತಿಯವರು ಎದ್ದು ಕೋಟು ಹಾಕಿಕೊಳ್ಳುತ್ತಿದ್ದರು.

“ಸಾಹೇಬ್ರ, ಸೇತುವಿ ಇಲ್ಲದ್ದಕ್ಕ ಗಾಡಿ ದಾಟಲಿಲ್ಲ. ಗಾಡಿ ದಾಟಲಿಲ್ಲಂತ ಸೇತುವಿ ಬ್ಯಾಡಂತೀರಿ. ಇದನ್ನ ಕಲ್ಯಾಕ ನೀವು ಎಷ್ಟು ವರ್ಷ ಸಾಲಿಗೆ ಹೋಗಿದ್ರಿ?”

ಅವರ ಮುಖ ಕೆಂಪಾಯಿತು. ಕೆಟ್ಟ ಮನುಷ್ಯರಲ್ಲ, ಕೆಟ್ಟವರಾಗಿದ್ದರೆ ಆಕೆಯನ್ನು ಹೊರಗೆ ಹಾಕಿಸುತ್ತಿದ್ದರು. ಅಷ್ಟು ಮಾಡಲೂ ಆಗದೆ, “ಬೇಸಿಗೆಯಲ್ಲಿ ಮತ್ತೊಮ್ಮೆ ಗಣತಿ ಮಾಡಿಸೋಣಮ್ಮ, ನೋಡೋಣ” ಎಂದು ಕೊಡೆ ತೆಗೆದುಕೊಂಡು ಹೊರಟರು.

ಏಪ್ರಿಲಿನಲ್ಲಿ ಗೋವಿಂದ ಮತ್ತೆ ಬಂದು, ಅದೇ ಜಾಗದಲ್ಲಿ ಕೂತ. ಹಿಂದಿನ ದಿನವೇ ನೀಲಗಂಗವ್ವ ಊರಿನ ಮನೆಮನೆಗೆ ಹೋಗಿ ಗಾಡಿಯಿದ್ದವರಿಗೆಲ್ಲ ಹೇಳಿಬಂದಿದ್ದಳು, ಕುರುವಳ್ಳಿಗೂ ಸುದ್ದಿ ಮುಟ್ಟಿಸಿದ್ದಳು. ಬೆಳಗಾಗುತ್ತಲೇ ಗಾಡಿಗಳು ಹಳ್ಳಕ್ಕಿಳಿದವು. ಈ ದಂಡೆಯಿಂದ ಆ ದಂಡೆಗೆ, ಕುರುವಳ್ಳಿಯ ಆಲದಮರಕ್ಕೆ ಒಂದು ಸುತ್ತು, ಮತ್ತೆ ಈ ದಂಡೆಗೆ. ಹೊಲದ ಕೆಲಸಕ್ಕೆ ಕರೆದರೆ ಬೆನ್ನುನೋವು ಎನ್ನುತ್ತಿದ್ದವರೂ ಇದಕ್ಕೆ ಹುರುಪಿನಿಂದ ಬಂದರು. ಸೇತುವೆಗಾಗಿ ಬಾಯಿ ತೆರೆಯದ ಗಂಡಸರು ಸುಳ್ಳುಗಾಡಿ ಹೊಡೆಯುವುದರಲ್ಲಿ ಶೂರರಾದರು. ವೀರಪ್ಪನೂ ತನ್ನ ಕಮಾನುಗಾಡಿ ಕಳಿಸಿದ.

ಸಂಜೆಗೆ ಗೋವಿಂದ ನೀಲಗಂಗವ್ವನನ್ನು ಹತ್ತಿರ ಕರೆದ. “ಅಮ್ಮಾ, ಆ ಕೋಡು ಮುರಿದ ಎತ್ತು ಬೆಳಿಗ್ಗೆಯಿಂದ ಎಷ್ಟು ಸಲ ಹೋತು ಬಂತು? ನಂಗೇ ಅದ್ರ ಕಾಲು ಕಂಡ್ರೆ ಪಾಪ ಅನ್ನಿಸ್ತದೆ.”

“ದಾಟೇತಿಲ್ಲ?”

“ದಾಟಿದ್ದು ಹೌದು.”

“ಹಂಗಾದ್ರ ಬರಿ. ದಾಟಿದ್ದು ಬರಿ ಅಂತ ಅಲ್ಲೇನು ನಿನಗ ಹೇಳಿದ್ದು?”

ಗೋವಿಂದ ನಕ್ಕು ಬರೆದ. ಆಕೆ ಅವನಿಗೆ ಒಂದು ಮಡಕೆ ಮಜ್ಜಿಗೆ ಕೊಟ್ಟಳು.

ಗೆದ್ದೆವೆಂದುಕೊಂಡರು. ಆದರೆ ಲೆಕ್ಕ ಮೇಲಕ್ಕೆ ಹೋದಾಗ ಅಲ್ಲಿ ಕೂತ ಜಾಣರು, ಇಷ್ಟೊಂದು ಸಂಚಾರವಿರುವ ಜಾಗಕ್ಕೆ ಸಾದಾ ಸೇತುವೆ ಸಾಲದು ಎಂದು ನಿರ್ಧರಿಸಿದರು. ಕರಾವಳಿಯಿಂದ ಬಯಲುಸೀಮೆಗೆ ಹೆದ್ದಾರಿಯೇ ಆಗಬೇಕು, ಸೇತುವೆ ಎರಡು ಲಾರಿ ಎದುರುಬದುರಾಗುವಷ್ಟು ಅಗಲವಿರಬೇಕು. ಅಷ್ಟು ದೊಡ್ಡ ಕೆಲಸಕ್ಕೆ ಜಿಲ್ಲೆಯವರ ಸಹಿ ಸಾಲದು, ರಾಜ್ಯದವರದೂ ಸಾಲದು. ಕಡತ ದೆಹಲಿಗೆ ಹೋಯಿತು. ಮುಂದಿನ ಪಂಚವಾರ್ಷಿಕ ಯೋಜನೆಯಲ್ಲಿ ನೋಡೋಣ ಎಂದು ಅಲ್ಲಿಂದ ಬಂತು. ಲೆಕ್ಕ ಅಷ್ಟು ಉಬ್ಬಿರದಿದ್ದರೆ ಸಾದಾ ಸೇತುವೆ ಎರಡು ವರ್ಷದಲ್ಲಿ ಆಗುತ್ತಿತ್ತೆಂದು ಗೋವಿಂದ ಆಮೇಲೆ ಹೇಳಿದ. ಅದನ್ನು ಕೇಳಿ ನೀಲಗಂಗವ್ವ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಊರವರಂತೂ ಆ ಸುಳ್ಳುಗಾಡಿಯ ಉಪಾಯ ಪೂರ್ತಿ ಆಕೆಯದೇ, ನಾವು ಆಗಲೇ ಬೇಡವೆಂದಿದ್ದೆವು ಎಂದು ಹೇಳಿಕೊಂಡು ತಿರುಗಿದರು.

ಅರವತ್ತೆರಡರಲ್ಲಿ ಸಚಿವರೊಬ್ಬರು ಬಂದು ಅಡಿಗಲ್ಲು ಹಾಕಿದರು. ಅಮೃತಶಿಲೆಯ ಮೇಲೆ ಸಚಿವರ ಹೆಸರು, ಅನಂತಮೂರ್ತಿಯವರ ಹೆಸರು, ಎಲ್ಲರಿಗಿಂತ ಕೆಳಗೆ ಸಣ್ಣಕ್ಷರದಲ್ಲಿ ವೀರಪ್ಪನ ಹೆಸರು. ಅದನ್ನು ನೋಡಲು ವೀರಪ್ಪ ಬೀಗರನ್ನು ಕರೆತರುತ್ತಿದ್ದ. ಮೂರು ಮಳೆಗಾಲ ಆ ಕಲ್ಲು ಒಂದೇ ನಿಂತಿತ್ತು. ಆಮೇಲೆ ಗುತ್ತಿಗೆದಾರ ಬಂದ, ಸಿಮೆಂಟು ಬಂತು, ಅಂತೂ ಅರವತ್ತಾರರ ಬೇಸಿಗೆ ಮುಗಿಯುವಷ್ಟರಲ್ಲಿ ಸೇತುವೆ ಎದ್ದು ನಿಂತಿತು. ಒಳ್ಳೆಯ ಸೇತುವೆಯೇ, ಅದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಉದ್ಘಾಟನೆಯಾಗಿರಲಿಲ್ಲ. ಸಚಿವರಿಗೆ ಬಿಡುವಿರಲಿಲ್ಲ. ಅವರು ಬಂದು ಟೇಪು ಕತ್ತರಿಸುವವರೆಗೆ ಯಾರೂ ದಾಟಕೂಡದೆಂದು ಸೇತುವೆಯ ಎರಡೂ ತುದಿಗೆ ಡಾಂಬರಿನ ಡ್ರಮ್ಮು ನಿಲ್ಲಿಸಿ ಮುಳ್ಳು ಹಚ್ಚಿದರು. ಕಾವಲಿಗೆ ಬೈರನೆಂಬ ಕೂಲಿಯಾಳನ್ನು ಇಟ್ಟರು. ಮಳೆ ಬಂತು, ಹಳ್ಳ ತುಂಬಿತು. ತಲೆಯ ಮೇಲೆ ಹೊಸ ಸೇತುವೆ ನಿಂತಿರುವಾಗ ಅದರ ಬುಡದಲ್ಲಿ ಎರಡೂ ದಂಡೆಯ ಗಾಡಿಗಳು ಎಂದಿನಂತೆ ಎತ್ತು ಬಿಚ್ಚಿ ನಿಂತವು. ಜನ ಸೇತುವೆಯನ್ನು ನೋಡುತ್ತ, ಎಷ್ಟು ಚಂದ ಕಟ್ಟಿದ್ದಾರೆ ಎಂದು ಹೊಗಳುತ್ತ ನೆನೆಯುತ್ತಿದ್ದರು.

ನಾಗರಪಂಚಮಿ ಬಂತು. ಈ ಸೀಮೆಯಲ್ಲಿ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು. ಮದುವೆಯಾದಂದಿನಿಂದ ಪಾರ್ವತವ್ವ ಒಂದು ಪಂಚಮಿಗೂ ಬಂದಿರಲಿಲ್ಲ. ಹಬ್ಬದ ಮುನ್ನಾದಿನ ಬೆಳಿಗ್ಗೆ ನೀಲಗಂಗವ್ವ ಗಾಡಿ ಹೂಡಿ, ಕುಡಗೋಲು ಹಿಡಿದು ಸೇತುವೆಗೆ ಬಂದಳು.

“ಯವ್ವಾ, ಬ್ಯಾಡ” ಎಂದು ಬೈರ ಅಡ್ಡ ಬಂದ. “ನನ್ನ ಕೆಲಸ ಹೊಕ್ಕೈತಿ.”

“ನಿನಗ ಸೇತುವಿ ಕಾಯಾಕ ಇಟ್ಟಾರೋ, ಮುಳ್ಳು ಕಾಯಾಕೋ?”

“ಯಾರನ್ನೂ ಬಿಡಬ್ಯಾಡ ಅಂದಾರ.”

“ನೀ ಬಿಡಬ್ಯಾಡ. ನಾ ಹೊಕ್ಕೀನಿ.”

ಮುಳ್ಳು ಎಳೆಯತೊಡಗಿದಳು. ಅಂಗೈ ಹರಿದು ರಕ್ತ ಬಂತು. ಸುದ್ದಿ ಕೇಳಿ ಊರು ಬಂದು ದೂರದಲ್ಲಿ ನಿಂತಿತು, ಒಬ್ಬನೂ ಕೈ ಹಚ್ಚಲಿಲ್ಲ. ವೀರಪ್ಪ ಕೊಡೆಯ ಕೆಳಗಿನಿಂದ ಕೂಗಿದ: “ನೀಲಗಂಗವ್ವಾ, ಉದ್ಘಾಟನಿ ಆಗಿಲ್ಲ! ಸರ್ಕಾರದ ಮಾನ ಹೊಕ್ಕೈತಿ!”

“ಪಟೇಲ್ರ, ಹತ್ತು ವರ್ಷದಾಗ ಸರ್ಕಾರ ಒಮ್ಮೆರ ನಮ್ಮ ಮಾನ ಕೇಳೇತೇನ್ರಿ?”

ಡ್ರಮ್ಮನ್ನು ಹೆಗಲು ಕೊಟ್ಟು ಉರುಳಿಸಿ ಗಾಡಿ ಮುಂದೆ ಬಿಟ್ಟಳು. ನಡುವೆ ಬಂದಾಗ ಕೆಳಗಿನ ನೀರಿನ ಸದ್ದಿಗೆ ಎತ್ತುಗಳು ಬೆದರಿ ನಿಂತವು. ಆಕೆ ಇಳಿದು, ಮೂಗುದಾಣ ಹಿಡಿದು ಮುಂದೆ ನಡೆದಳು. ಕೆಳಗೆ ನೋಡಲೇ ಇಲ್ಲ ಎಂದು ಆಕೆಯೇ ಆಮೇಲೆ ಹೇಳಿದಳು. ಆಚೆ ತುದಿಯ ಮುಳ್ಳನ್ನೂ ತೆಗೆದು ಕುರುವಳ್ಳಿಗೆ ಹೋದಾಗ ಪಾರ್ವತವ್ವ ಒಲೆಯ ಮುಂದಿದ್ದಳು. ತಾಯಿಯನ್ನು ಕಂಡು ಅವಳಿಗೆ ಮೊದಲು ಹೊಳೆದದ್ದು ಯಾರೋ ಸತ್ತಿರಬೇಕೆಂದು.

“ಯವ್ವಾ, ಹೆಂಗ ಬಂದಿ? ಏನಾತು?”

“ಏನೂ ಆಗಿಲ್ಲ. ಪಂಚಮಿಗಿ ಕರಿಯಾಕ ಬಂದೀನಿ. ಸೀರಿ ಉಟ್ಕೊ.”

ಮಗಳನ್ನೂ ಮೂವರು ಮಕ್ಕಳನ್ನೂ ಕೂರಿಸಿಕೊಂಡು ತಿರುಗಿ ಬರುವಾಗ ನೋಡಿದರೆ, ಆಕೆಯ ಬೆನ್ನಿಗೆ ಗಾಡಿಗಳ ಸಾಲು. ಎದುರಿನಿಂದಲೂ ಸಾಲು. ಸುಮ್ಮನೆ ನಿಂತು ನೋಡಿದವರೆಲ್ಲ ಈಗ ಒಬ್ಬರನ್ನೊಬ್ಬರು ನೂಕಿಕೊಂಡು ದಾಟುತ್ತಿದ್ದರು. ಉಳಿದ ಡ್ರಮ್ಮುಗಳನ್ನು ಬೈರನೇ ಬದಿಗೆ ಸರಿಸಿ, ಗಾಡಿಯವರಿಗೆ ದಾರಿ ತೋರಿಸುತ್ತಿದ್ದ. ವೀರಪ್ಪನ ಇಬ್ಬರು ಹೆಣ್ಣುಮಕ್ಕಳೂ ಆ ಪಂಚಮಿಗೆ ಅದೇ ಸೇತುವೆಯ ಮೇಲೆ ತವರಿಗೆ ಬಂದು ಉಂಡಿ ತಿಂದರು.

ಹದಿನೈದು ದಿನಕ್ಕೆ ಆಕೆಗೆ ನೋಟಿಸು ಬಂತು. ಸರ್ಕಾರಿ ಸ್ವತ್ತಾದ ಮುಳ್ಳುತಡೆಯನ್ನು ನಾಶಮಾಡಿದ ಆರೋಪ. ದೊಡ್ಡ ಹುದ್ದೆಗೇರಿದ್ದ ಅನಂತಮೂರ್ತಿಯವರೇ ಹಾನಗಲ್ಲಿನ ಕಡೆಯಿಂದ ಜೀಪಿನಲ್ಲಿ, ಅದೂ ಸೇತುವೆಯ ಮೇಲೆಯೇ, ವಿಚಾರಣೆಗೆ ಬಂದರು. ಊರವರನ್ನು ಕೇಳಿದರೆ ಯಾರೂ ಏನೂ ನೋಡಿರಲಿಲ್ಲ. ವೀರಪ್ಪ ಮಾತ್ರ ನೋಡಿದ್ದ, ವಿವರವಾಗಿ ನೋಡಿದ್ದ, ಹೇಳಿಕೆ ಬರೆಸಿ ಸಹಿ ಹಾಕಿದ. ನೀಲಗಂಗವ್ವನನ್ನು ಶಿರಸಿಗೆ ಕರೆಸಿ ತಹಶೀಲ್ದಾರ ಸಾಹೇಬರ ಮುಂದೆ ನಿಲ್ಲಿಸಿ, ಮುಳ್ಳು ತೆಗೆದದ್ದು ನಿಜವೇ ಎಂದು ಕೇಳಿದರು.

“ನಿಜಾನ್ರಿ. ನಮ್ಮ ಕಬ್ಬಿನ ಗದ್ದಿ ಬೇಲಿ ಮುಳ್ಳದು. ಗುತ್ತಿಗಿದಾರ ಹೇಳ್ಯಾನಂತ ಬೈರ ನನಗ ಕೇಳದ ಕಡಕೊಂಡ ಹೋಗಿದ್ದ. ನನ್ನ ಮುಳ್ಳು ನಾ ಹೊಳ್ಳಿ ಒಯ್ದೀನಿ. ಬೇಲಿಗಿ ಹಚ್ಚೀನಿ, ಬಂದ ನೋಡ್ರಿ.”

ಬೈರನನ್ನು ಕರೆಸಿ ಕೇಳಿದರು. ಅವನು ಹೌದೆಂದ. ಸಾಹೇಬರು ಕಾಗದದಿಂದ ಬಾಯಿ ಮರೆಮಾಡಿಕೊಂಡು ಕೆಮ್ಮಿದರು. ಮಾತು ಅಲ್ಲಿಗೇ ಮುಗಿಯಿತು. ಬೈರನ ಕೆಲಸ ಮಾತ್ರ ಹೋಯಿತು. ನೀಲಗಂಗವ್ವ ಅವನನ್ನು ಬೈಯುತ್ತಲೇ ತನ್ನ ಆಲೆಮನೆಗೆ ಸೇರಿಸಿಕೊಂಡಳು.

ಡಿಸೆಂಬರಿನಲ್ಲಿ ಸಚಿವರಿಗೆ ಬಿಡುವಾಯಿತು. ನಾಲ್ಕು ತಿಂಗಳಿಂದ ಗಾಡಿಗಳು, ಲಾರಿಗಳು ಓಡಾಡಿ ಸಗಣಿ ಎಣ್ಣೆ ಮೆತ್ತಿದ್ದ ಸೇತುವೆಯನ್ನು ತೊಳೆಸಿ, ಬಾಳೆಕಂಬ ಕಟ್ಟಿಸಿ, ಟೇಪು ಕಟ್ಟಿ, ಅದನ್ನು ಕತ್ತರಿಸಿದರು. ಭಾಷಣದಲ್ಲಿ ಅನಂತಮೂರ್ತಿಯವರು ಮಳಗಿಕೊಪ್ಪದ ಜನರ ಸಹನೆಯನ್ನು ಕೊಂಡಾಡಿದರು. ಜನರಿಗೆ ಕಣ್ಣೀರೇ ಬಂತು. ಕಬ್ಬು ಅರೆಯುವ ಕಾಲವಾದ್ದರಿಂದ ನೀಲಗಂಗವ್ವ ಹೋಗಲಿಲ್ಲ. ಸಂಜೆ ವೀರಪ್ಪ ಹಾರ ಹಾಕಿಕೊಂಡೇ ಆಲೆಮನೆಗೆ ಬಂದು, ಹಳೆಯದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಎಂದ. ಆಕೆ ಅವನಿಗೆ ಬಿಸಿ ಬೆಲ್ಲ ಕೊಟ್ಟು, ಅವನು ತೆಗೆದಿಟ್ಟ ಹಾರವನ್ನು ಎಮ್ಮೆಯ ಮುಂದೆ ಹಾಕಿದಳು. ವೀರಪ್ಪ ಬೆಲ್ಲ ತಿಂದ, ಎಮ್ಮೆ ಹಾರ ತಿಂದಿತು.

ಮರುವರ್ಷದಿಂದ ಆಕೆ ಮಳೆಗಾಲದಲ್ಲೂ ಹಾನಗಲ್ಲಿಗೆ ಗಾಡಿ ಹೊಡೆದಳು. ಕುರುವಳ್ಳಿಯ ಶಾಲೆ ನಾಲ್ಕನೇ ಇಯತ್ತೆಗೆ ಮುಗಿಯುತ್ತಿತ್ತು. ಹಿರಿಯ ಮೊಮ್ಮಗಳು ಅಷ್ಟನ್ನು ಮುಗಿಸಿದಾಗ, ಮುಂದೆ ಓದಿಸುವುದು ಬೇಡ, ಹೆಣ್ಣುಮಗಳು ಎಂದು ಅಳಿಯ ಹೇಳಿದ. ನೀಲಗಂಗವ್ವ ಅವನ ಮನೆಗೇ ಹೋಗಿ ಜಗಳ ತೆಗೆದು, ಮೊಮ್ಮಗಳನ್ನು ಮಳಗಿಕೊಪ್ಪದ ಶಾಲೆಗೆ ಹಾಕಿಸಿದಳು. ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು, ಮಳೆಯಿರಲಿ ಬಿಸಿಲಿರಲಿ, ಸೇತುವೆಯ ಮೇಲೆ ನಡೆದು ಬರುತ್ತಿದ್ದಳು. ತಡವಾಗಿ ಬಂದರೆ ಅಜ್ಜಿ ಅವಳನ್ನೂ ಬೈಯುತ್ತಿದ್ದಳು.